ಎರಡನೆಯ ಟೆಸ್ಟು ಎಲ್ಲಿ?

ನವೆಂಬರ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಊರುಗಳಲ್ಲಿ ಎರಡು ಥರದ ಶಾಮಿಯಾನ ಏಳುತ್ತವೆ. ಒಂದು ರಾಜ್ಯೋತ್ಸವದ್ದು, ಇನ್ನೊಂದು ಶುಗರ್ ಕ್ಯಾಂಪಿನದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಆ ದಿನವನ್ನೇ ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ಒಂದು ಮೇಜು, ಗ್ಲುಕೋಮೀಟರ್, ಸ್ಪಿರಿಟ್ಟಿನ ಹತ್ತಿ, ಹೆಸರು ಬರೆದುಕೊಳ್ಳಲು ಒಂದು ರಿಜಿಸ್ಟರ್. ಬೆರಳು ಚುಚ್ಚಿ, ಹನಿ ಹಿಂಡಿ, ಕೆಲವು ಸೆಕೆಂಡು ಕಾದರೆ ನಂಬರು ಬಂತು. ಸಂಜೆಯ ಹೊತ್ತಿಗೆ ಇಷ್ಟು ಜನರ ತಪಾಸಣೆ ಆಯಿತು, ಇಷ್ಟು ಜನರಿಗೆ ಸಕ್ಕರೆ ಕಾಯಿಲೆ ಪತ್ತೆಯಾಯಿತು ಎಂಬ ಪ್ರಕಟಣೆ ಸಿದ್ಧ.

ಈ ನಂಬರು ಈಗ ಊರಿನ ಮಾತಿಗೂ ಇಳಿದಿದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರು ಹಿರಿಯರು ಕೂತರೆ ಮಳೆ ಬೆಳೆ ಆದಮೇಲೆ ಬರುವುದು ಶುಗರಿನ ಸುದ್ದಿ. 'ನಂಗೆ ಇನ್ನೂರ ಇಪ್ಪತ್ತು ಅದೆ ಕಣಣ್ಣ.' 'ಅಯ್ಯೋ, ನಂಗೆ ಮುನ್ನೂರು ದಾಟಿತ್ತು, ಹಾಗಲಕಾಯಿ ರಸ ಕುಡ್ದು ಇಳಿಸ್ಕೊಂಡೆ.' ಯಾವಾಗಿನ ನಂಬರು, ತಿಂದ ಮೇಲಿನದೋ ತಿನ್ನುವ ಮುಂಚಿನದೋ, ಬೆರಳಿನ ರಕ್ತದ್ದೋ ತೋಳಿನ ರಕ್ತದ್ದೋ, ಯಾವ ತಿಂಗಳಿನದು ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ಬಂದ ನಂಬರು ರೇಷನ್ ಕಾರ್ಡಿನ ನಂಬರಿನ ಹಾಗೆ ಬದುಕಿಡೀ ಅಂಟಿಕೊಳ್ಳುತ್ತದೆ.

ಕ್ಯಾಂಪುಗಳನ್ನು ಹಳಿಯಲು ಹೊರಟಿಲ್ಲ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿ, ನೀಲಿ ಹೋಗಿ ಹಸಿರಾಯಿತೋ ಹಳದಿಯಾಯಿತೋ ಇಟ್ಟಿಗೆಯ ಕೆಂಪಾಯಿತೋ ಎಂದು ಕಣ್ಣಳತೆಯಲ್ಲೇ ಸಕ್ಕರೆ ಹೇಳುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಲ್ಲಿಂದ ಇಲ್ಲಿಗೆ ಬಂದದ್ದು ದೊಡ್ಡ ದಾರಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಅಂಚಿನಲ್ಲಿ ನಿಂತ 13.6 ಕೋಟಿ ಜನರೂ ಇದ್ದಾರೆಂಬ ಅಂದಾಜು ಬಂತು. ಇಷ್ಟು ಜನರನ್ನು ಹುಡುಕಲು ಬೆರಳು ಚುಚ್ಚದೆ ಬೇರೆ ದಾರಿಯಿಲ್ಲ. 30 ದಾಟಿದವರನ್ನೆಲ್ಲ ಆಶಾ ಕಾರ್ಯಕರ್ತೆಯರು ಪಟ್ಟಿ ಮಾಡಿ ಪರೀಕ್ಷೆಗೆ ಕರೆತರುವ ರಾಷ್ಟ್ರೀಯ ಕಾರ್ಯಕ್ರಮವಿದೆ. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ ಮನೆಬಾಗಿಲಿಗೇ ಗ್ಲುಕೋಮೀಟರ್ ತಂದಿದೆ. ಮೊದಲ ಟೆಸ್ಟಿಗೆ ಈಗ ಸಂಘಗಳಿವೆ, ಸರ್ಕಾರವಿದೆ, ಔಷಧ ಕಂಪನಿಗಳಿವೆ, ಸ್ಥಳೀಯ ಮುಖಂಡರ ಹುಟ್ಟುಹಬ್ಬವೂ ಇದೆ. ನನ್ನ ತಕರಾರು ಎರಡನೆಯ ಟೆಸ್ಟಿನದು. ಮೊದಲ ನಂಬರು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಟೆಸ್ಟು, ಆಮೇಲೆ ಮೂರು ತಿಂಗಳಿಗೋ ಆರು ತಿಂಗಳಿಗೋ ಮತ್ತೆ ಆಗಬೇಕಾದ ಟೆಸ್ಟು: ಅದನ್ನು ಮಾಡುವ ಜಾಗ, ಮಾಡುವ ರೀತಿ, ಅದನ್ನು ಓದುವ ಬಗೆ ಈ ನಾಲ್ಕು ತಾಲ್ಲೂಕುಗಳಿಗೆ ತಕ್ಕಂತೆ ಇನ್ನೂ ರೂಪುಗೊಂಡಿಲ್ಲ. ಮೈಸೂರು ನಗರಕ್ಕೆ ಹೊಂದುವ ಪರೀಕ್ಷೆ ಕಾಡಂಚಿನ ಆದಿವಾಸಿಗಳ ಹಾಡಿಗೂ ಹೊಂದುತ್ತದೆಂದು ನಾವು ಸುಮ್ಮನೆ ನಂಬಿಕೊಂಡಿದ್ದೇವೆ.

ಪುಸ್ತಕದ ಲೆಕ್ಕ ಎಲ್ಲ ಕಡೆಯೂ ಒಂದೇ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದ ಪ್ಲಾಸ್ಮಾದಲ್ಲಿ ಗ್ಲುಕೋಸ್ 126 ಅಥವಾ ಅದಕ್ಕಿಂತ ಹೆಚ್ಚು, 75 ಗ್ರಾಂ ಗ್ಲುಕೋಸ್ ಕುಡಿದು ಎರಡು ಗಂಟೆ ಆದಮೇಲೆ 200 ಅಥವಾ ಹೆಚ್ಚು, ಇಲ್ಲವೇ 'ಮೂರು ತಿಂಗಳ ಟೆಸ್ಟು' ಎಂದು ಜನ ಕರೆಯುವ ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು. ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ಸೊರಗುವುದು ಇದ್ದು, ಯಾವ ಹೊತ್ತಿನಲ್ಲಿ ನೋಡಿದರೂ 200 ದಾಟಿದ್ದರೆ ಅಷ್ಟೇ ಸಾಕು. ಆದರೆ ಯಾವ ಲಕ್ಷಣವೂ ಇಲ್ಲದವರಿಗೆ ಒಂದೇ ನಂಬರಿನ ಮೇಲೆ ಕಾಯಿಲೆಯ ಹಣೆಪಟ್ಟಿ ಹಚ್ಚುವಂತಿಲ್ಲ; ಎರಡನೆಯ ಬಾರಿ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಕ್ಯಾಂಪಿನಲ್ಲಿ ಸಿಕ್ಕುವ ಬಹುಪಾಲು ಜನ ಈ ಲಕ್ಷಣವಿಲ್ಲದ ಗುಂಪಿನವರೇ. 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಿ ಎಂದು ಕಾರ್ಯಕ್ರಮದ ನಿಯಮವೇ ಹೇಳುತ್ತದೆ. ಕಳಿಸುವುದೇನೋ ಚೀಟಿಯಲ್ಲಿ ಆಗುತ್ತದೆ. ಹೋಗುವುದು ರೋಗಿಯ ಪಾಲಿಗೆ ಬಿಟ್ಟದ್ದು.

ಗ್ಲುಕೋಮೀಟರಿನ ಮೇಲೆ ಕೋಪ ಬೇಡ, ಅದರ ಅಳತೆ ಗೊತ್ತಿದ್ದರೆ ಸಾಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ ಅದು 100ಕ್ಕಿಂತ ಮೇಲಿನ ನಂಬರುಗಳಲ್ಲಿ ಶೇ 15ರಷ್ಟು ಆಚೀಚೆ ಇರಬಹುದು. ಅಂದರೆ ಲ್ಯಾಬಿನಲ್ಲಿ 130 ಬರಬೇಕಾದದ್ದು ಇದರಲ್ಲಿ 111 ಆಗಿಯೂ 149 ಆಗಿಯೂ ಕಾಣಿಸಿದರೆ ಯಂತ್ರ ಕೆಟ್ಟಿದೆ ಎಂದು ಹೇಳಲಾಗದು. ಇದು ಹೊಸ ಸ್ಟ್ರಿಪ್ಪಿನ, ತೊಳೆದ ಕೈಯ ಮಾತು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಇಟ್ಟು ಬಿಸಿಲಿನಲ್ಲಿ ಕೂತರೆ, ಆಗ ತಾನೆ ಬೆಲ್ಲ ಮುರಿದ ಬೆರಳನ್ನು ಒರೆಸದೆ ಚುಚ್ಚಿದರೆ, ಸ್ಪಿರಿಟ್ ಆರುವ ಮುಂಚೆ ಹನಿ ಹಿಂಡಿದರೆ ನಂಬರು ಎತ್ತೆತ್ತಲೋ ಹೋಗುತ್ತದೆ. ರಕ್ತ ಕಡಿಮೆ ಇರುವವರಲ್ಲಂತೂ ಹೆಚ್ಚಿನ ಗ್ಲುಕೋಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಕೆಂಪುಕಣಗಳು ಕಡಿಮೆಯಾದಷ್ಟೂ ಸ್ಟ್ರಿಪ್ಪಿನ ಮೇಲೆ ಪ್ಲಾಸ್ಮಾದ ಪಾಲು ಹೆಚ್ಚು. ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಗಾಗಿ ಕ್ಯಾಂಪಿನ ಸಾಲಿನಲ್ಲಿ ನಿಂತ ಹೆಣ್ಣುಮಗಳ 168ನ್ನು ಅನುಮಾನದಿಂದಲೇ ನೋಡಬೇಕು. ಅನುಮಾನ ಬಗೆಹರಿಸುವುದು ಲ್ಯಾಬಿನ ಕೆಲಸ.

ಲ್ಯಾಬಿಗೆ ಹೋದರೆ ಬಗೆಹರಿಯುತ್ತದೆಯೇ? ಅದು ಟ್ಯೂಬಿನ ಮೇಲೆ, ಗಡಿಯಾರದ ಮೇಲೆ ನಿಂತಿದೆ. ತೋಳಿನಿಂದ ತೆಗೆದ ರಕ್ತ ಟ್ಯೂಬಿಗೆ ಬಿದ್ದ ಮೇಲೂ ಜೀವಂತವಾಗಿರುತ್ತದೆ. ಅದರ ಕಣಗಳು ಅಲ್ಲೇ ಕೂತು ಸಕ್ಕರೆ ತಿನ್ನುತ್ತಿರುತ್ತವೆ. ಸಾಧಾರಣ ಉಷ್ಣಾಂಶದಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಗ್ಲುಕೋಸ್ ಹೀಗೆ ಕರಗಿಹೋಗುತ್ತದೆ. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್, ಎಚ್.ಡಿ. ಕೋಟೆಯಿಂದ 50ರ ಆಸುಪಾಸು. ಬೆಳಿಗ್ಗೆ ಏಳಕ್ಕೆ ಒಬ್ಬ ರೈತನ ರಕ್ತ ತೆಗೆದರು ಎನ್ನಿ. ಆಗ ಅದರಲ್ಲಿ 130 ಇತ್ತು. ಎಲ್ಲರ ಸ್ಯಾಂಪಲ್ಲೂ ಕೂಡಿದ ಮೇಲೆ ಥರ್ಮೋಕೋಲ್ ಡಬ್ಬಿಯಲ್ಲಿ ಬಸ್ಸಿಗೋ ಬೈಕಿಗೋ ಹಾಕಿ ಕಳಿಸಿ, ಮೈಸೂರಿನ ಯಂತ್ರದ ಮುಂದೆ ಅದು ತಿರುಗುವಾಗ ಹನ್ನೊಂದು ಗಂಟೆ. ಟ್ಯೂಬಿನಲ್ಲಿ ಸಕ್ಕರೆ ಕರಗದಂತೆ ತಡೆಯುವ ಫ್ಲೋರೈಡ್ ಇಲ್ಲದಿದ್ದರೆ ಆ 130 ಅಷ್ಟರಲ್ಲಿ 100ರ ಹತ್ತಿರಕ್ಕೆ ಇಳಿದಿರುತ್ತದೆ. ಮಧುಮೇಹಿಯ ಕೈಗೆ 'ನಾರ್ಮಲ್' ಎಂಬ ಚೀಟಿ. ಯಂತ್ರ ಒಳ್ಳೆಯದೇ, ಟೆಕ್ನಿಷಿಯನ್ ಪ್ರಾಮಾಣಿಕನೇ, ಚೀಟಿ ಮಾತ್ರ ಸುಳ್ಳು.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಇದಕ್ಕೆಂದೇ ಇದೆ. ಅದೂ ಕೆಲಸ ಶುರುಮಾಡಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಆ ಮೊದಲ ಹೊತ್ತಿನ ನಷ್ಟವನ್ನು ಅದು ತಡೆಯಲಾರದು. ತುಂಬಿದ ಟ್ಯೂಬನ್ನು ಏಳೆಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಬೆರೆಸದಿದ್ದರೆ ತಳದ ಪುಡಿ ತಳದಲ್ಲೇ ಉಳಿಯುತ್ತದೆ. ಸಿಟ್ರೇಟ್ ಇರುವ ಟ್ಯೂಬು ಇನ್ನೂ ಮೇಲು, ಬೆಲೆ ಹೆಚ್ಚು. ಎಲ್ಲಕ್ಕಿಂತ ಸರಳ ಉಪಾಯವೆಂದರೆ ರಕ್ತ ತೆಗೆದ ಜಾಗದಲ್ಲೇ ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾವನ್ನು ಬೇರ್ಪಡಿಸುವುದು. ಬೇರ್ಪಟ್ಟ ಪ್ಲಾಸ್ಮಾ ಬಸ್ಸಿನಲ್ಲಿ ಮೈಸೂರಿಗೆ ಹೋದರೂ ಹೆಚ್ಚು ಕೆಡುವುದಿಲ್ಲ. ಸೆಂಟ್ರಿಫ್ಯೂಜ್ ಏನು ರಾಕೆಟ್ ಅಲ್ಲ. ಕರೆಂಟು ಇರಬೇಕು, ನಡೆಸುವವನು ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) 63 ಬಗೆಯ ಪರೀಕ್ಷೆ ಉಚಿತವಾಗಿ ಸಿಗಬೇಕೆಂಬ ಕೇಂದ್ರದ ಪಟ್ಟಿ ಇದೆ. ಆ ಪಟ್ಟಿ ನೋಡಿದಾಗೆಲ್ಲ ನನಗನಿಸುವುದು, ಅರವತ್ತಮೂರರಲ್ಲಿ ಒಂದನ್ನು, ಗ್ಲುಕೋಸನ್ನು, ಹೊತ್ತಿಗೆ ಸರಿಯಾಗಿ ಮಾಡಿದರೆ ಅರ್ಧ ಗೆದ್ದಂತೆ. ಲ್ಯಾಬಿನ ಚೀಟಿಗೆ ಯಾರು ಸಹಿ ಹಾಕಬೇಕು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರೇ ಹಾಕಬೇಕೆಂದು 2017ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಸಹಿಯ ವಿಚಾರ ಕೋರ್ಟಿಗೆ ಹೋಯಿತು. ಟ್ಯೂಬು ಎಷ್ಟು ಹೊತ್ತು ಬಸ್ಸಿನಲ್ಲಿತ್ತು ಎಂಬುದು ಯಾವ ಕೋರ್ಟಿಗೂ ಹೋಗಲಿಲ್ಲ.

ಇನ್ನು ಖಾಲಿ ಹೊಟ್ಟೆಯ ವಿಚಾರ. ಡಿ.ಬಿ. ಕುಪ್ಪೆ ಕಡೆಯಿಂದ, ನಾಗರಹೊಳೆ ಅಂಚಿನ ಹಾಡಿಯಿಂದ ಹೊರಟವರು ಬಸ್ಸು ಹಿಡಿದು ಕೋಟೆಯ ಹ್ಯಾಂಡ್‌ಪೋಸ್ಟ್ ತಲುಪುವ ಹೊತ್ತಿಗೆ ಬಿಸಿಲು ಏರಿರುತ್ತದೆ. ರಾತ್ರಿ ಎಂಟಕ್ಕೆ ಮುದ್ದೆ ಉಂಡವರು ಮರುದಿನ ಹತ್ತೂವರೆಗೆ ತೋಳು ಚಾಚಬೇಕು. 'ಏನೂ ತಿಂದಿಲ್ಲ ತಾನೆ?' ಎಂದು ನರ್ಸಮ್ಮ ಕೇಳಿದರೆ, 'ಇಲ್ಲ ಕಣವ್ವ, ಬರೀ ಟೀ ಕುಡ್ದಿವ್ನಿ' ಎಂಬ ಉತ್ತರ. ಟೀ ಎಂದರೆ ಎರಡು ಚಮಚ ಸಕ್ಕರೆಯ ಟೀ. ಅದನ್ನು ಅವರು ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಯಾರೂ ಬಿಡಿಸಿ ಹೇಳಿರುವುದೂ ಇಲ್ಲ. ಊಟವಾದ ಎರಡು ಗಂಟೆಯ ಮೇಲಿನ ಟೆಸ್ಟಿಗಂತೂ ಊಟ ಎಲ್ಲಿ ಮಾಡುವುದು ಎಂಬುದೇ ಪ್ರಶ್ನೆ. ಹೋಟೆಲಿನ ಎರಡು ಇಡ್ಲಿಗೂ ಮನೆಯ ಮುದ್ದೆ ಬಸ್ಸಾರಿಗೂ ಒಂದೇ ನಂಬರು ಬರುತ್ತದೆಯೇ? ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡರೆ ಕೂಲಿಯ ಜತೆಗೆ ಆ ದಿನವೂ ಹೋಯಿತು.

ಎಚ್‌ಬಿಎ1ಸಿ ಇಷ್ಟು ಬೇಗ ಜನಪ್ರಿಯವಾದದ್ದು ಈ ಕಾರಣಕ್ಕೇ. ಹೊಟ್ಟೆ ಖಾಲಿ ಇರಬೇಕಿಲ್ಲ, ಎರಡು ಗಂಟೆ ಕಾಯಬೇಕಿಲ್ಲ, ಟ್ಯೂಬಿನಲ್ಲಿ ರಕ್ತ ಅರ್ಧ ದಿನ ಕೂತರೂ ನಂಬರು ಕರಗುವುದಿಲ್ಲ. ಟೆಸ್ಟಿಗೆ ಎರಡು ದಿನ ಮುಂಚೆ ಕಟ್ಟುನಿಟ್ಟಾಗಿ ಪಥ್ಯ ಮಾಡಿ, ಬಿಟ್ಟ ಮಾತ್ರೆಯನ್ನೆಲ್ಲ ಮತ್ತೆ ಶುರುಮಾಡಿ 'ಪಾಸ್' ಆಗುವ ನಮ್ಮ ಜಾಣರನ್ನು ಅದು ಹಿಡಿದುಹಾಕುತ್ತದೆ. ತಂಬಾಕಿನ ಸೀಮೆಗಂತೂ ಹೇಳಿ ಮಾಡಿಸಿದ ಹಾಗಿದೆ ಎನ್ನಬಹುದು. ಬ್ಯಾರನ್‌ಗೆ ತಂಬಾಕು ಸೊಪ್ಪು ತುಂಬಿ ಹದಮಾಡಲು ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಒಂದು ಇಳಿದರೆ ಇನ್ನೊಂದು ಏರುತ್ತದೆ. ಆ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ರೈತ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ನಿದ್ದೆಗೆಟ್ಟು, ಹೊತ್ತುಗೊತ್ತಿಲ್ಲದೆ ಉಂಡು, ಟೀ ಮೇಲೆ ಟೀ ಕುಡಿದು ಕಳೆದ ಆ ದಿನಗಳ ಲೆಕ್ಕವನ್ನು, ಹರಾಜು ಮಾರುಕಟ್ಟೆ ತೆರೆದು ಕೈಗೆ ದುಡ್ಡು ಬಂದ ಮೇಲೆ ಮಾಡಿಸಿದ ಎಚ್‌ಬಿಎ1ಸಿ ಒಪ್ಪಿಸುತ್ತದೆ. ಒಂದು ದಿನದ ಖಾಲಿ ಹೊಟ್ಟೆಯ ನಂಬರಿಗೆ ಆ ಶಕ್ತಿಯಿಲ್ಲ.

ಚಿಕಿತ್ಸೆಯ ಶಾಸ್ತ್ರವೂ ಈ ಟೆಸ್ಟಿನ ಮೇಲೇ ನಿಂತಿದೆ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆಂದು ತೋರಿಸಿದ ಅಮೆರಿಕದ 1993ರ ಅಧ್ಯಯನವೂ, ಬ್ರಿಟನ್ನಿನ 1998ರ ಅಧ್ಯಯನವೂ ಹತೋಟಿಯನ್ನು ಅಳೆದದ್ದು ಎಚ್‌ಬಿಎ1ಸಿಯಿಂದ. ಇಷ್ಟೆಲ್ಲ ಇದ್ದಮೇಲೆ ಎಲ್ಲ ಕಡೆ ಅದೊಂದನ್ನೇ ಮಾಡಿಬಿಡಿ ಎನ್ನುವವರ ವಾದದಲ್ಲಿ ತೂಕವಿದೆ.

ಆದರೆ ಆ ಟೆಸ್ಟು ನಿಜವಾಗಿ ಅಳೆಯುವುದೇನನ್ನು? ರಕ್ತದ ಸಕ್ಕರೆಯನ್ನಲ್ಲ, ಕೆಂಪುಕಣದೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪುಕಣದ ಆಯುಸ್ಸು ಸುಮಾರು 120 ದಿನ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಸೌದೆ ಒಲೆಯ ಅಡುಗೆಮನೆಯಲ್ಲಿ ಜಂತೆಗೆ ಹಿಡಿದ ಮಸಿ ನೋಡಿ ಇಲ್ಲಿ ಎಷ್ಟು ಹೊಗೆಯಾಡಿದೆ ಎಂದು ಹೇಳಬಹುದು. ಯಾರೋ ಹೋದ ತಿಂಗಳಷ್ಟೇ ಹೊಸ ಜಂತೆ ಹಾಕಿಸಿದ್ದರೆ ಆ ಅಂದಾಜು ತಲೆಕೆಳಗು. ರಕ್ತಸ್ರಾವವಾದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಕಣಗಳು ಬೇಗ ಒಡೆಯುವ ಕಾಯಿಲೆ ಇರುವವರಲ್ಲಿ ಸಕ್ಕರೆ ಎಷ್ಟೇ ಏರಿದ್ದರೂ ಎಚ್‌ಬಿಎ1ಸಿ ಕಡಿಮೆ ತೋರಿಸುತ್ತದೆ. ಕಬ್ಬಿಣಾಂಶದ ಕೊರತೆ ಇರುವವರಲ್ಲಿ ಇದರ ತಿರುಗುಮುರುಗು: ಹೊಸ ಕಣ ಹುಟ್ಟುವುದು ನಿಧಾನವಾಗಿ, ಹಳೆಯವೇ ಹೆಚ್ಚು ಉಳಿದು, ನಂಬರು ಇರುವುದಕ್ಕಿಂತ ಮೇಲೇರುತ್ತದೆ. ಹಿಮೋಗ್ಲೋಬಿನ್ ಎಂಟೂವರೆ ಇರುವ ಹೆಂಗಸಿಗೆ ಎಚ್‌ಬಿಎ1ಸಿ 6.6 ಬಂತು ಎನ್ನಿ. ಪುಸ್ತಕದ ಪ್ರಕಾರ ಮಧುಮೇಹ. ಕಬ್ಬಿಣದ ಮಾತ್ರೆ ಕೊಟ್ಟು ಮೂರು ನಾಲ್ಕು ತಿಂಗಳು ಬಿಟ್ಟು ನೋಡಿದರೆ ಅದೇ ನಂಬರು, ಸಕ್ಕರೆಗೆ ಒಂದು ಮಾತ್ರೆಯನ್ನೂ ನುಂಗದೆ, ಗೆರೆಯ ಕೆಳಗೆ ಇಳಿದಿರಬಹುದು. ಈ ನಡುವೆ ಆಕೆಗೆ ಸಕ್ಕರೆ ಮಾತ್ರೆ ಶುರುಮಾಡಿದ್ದರೆ ಇಳಿದ ಶ್ರೇಯಸ್ಸೆಲ್ಲ ಆ ಮಾತ್ರೆಗೆ. ಇನ್ನು ಅದನ್ನು ಬಿಡಿಸುವವರಿಲ್ಲ.

ಹಾಡಿಗಳ ವಿಚಾರ ಇನ್ನೂ ಸೂಕ್ಷ್ಮ. ಕೆಂಪುಕಣವನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಸೆಲ್ ಹಿಮೋಗ್ಲೋಬಿನ್ ಭಾರತದಲ್ಲಿದೆ ಎಂದು ಮೊದಲು ಗೊತ್ತಾದದ್ದು 1952ರಲ್ಲಿ, ಎಚ್.ಡಿ. ಕೋಟೆಯ ಕಾಡಿನಿಂದ ಅಷ್ಟೇನೂ ದೂರವಿಲ್ಲದ ನೀಲಗಿರಿಯ ಆದಿವಾಸಿಗಳಲ್ಲಿ. ಲೆಹ್ಮನ್ ಮತ್ತು ಕಟ್‌ಬುಶ್ ಎಂಬಿಬ್ಬರು ಅದನ್ನು ವರದಿ ಮಾಡಿದರು. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿಗಳಲ್ಲೂ ಅದಿದೆ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಲ್ಲಿ ಬದುಕುವ ಜೇನುಕುರುಬರು, ಕಾಡುಕುರುಬರು, ಯರವರು ಈ ನಕ್ಷೆಯೊಳಗೇ ಬರುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದು ಕಾಯಿಲೆಯೇ ಆದವರಲ್ಲಿ ಎಚ್‌ಬಿಎ1ಸಿ ಅಳೆಯುವುದರಲ್ಲಿ ಅರ್ಥವೇ ಇಲ್ಲ. ಅದು ಅಳೆಯಬೇಕಾದ ಹಿಮೋಗ್ಲೋಬಿನ್ 'ಎ' ಅವರಲ್ಲಿ ಇರುವುದಿಲ್ಲ. ಒಬ್ಬರಿಂದ ಮಾತ್ರ ಬಂದ ವಾಹಕರು ಯಾವ ತೊಂದರೆಯೂ ಇಲ್ಲದೆ ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಕಪ್ಪು ಅಮೆರಿಕನ್ನರ ಬಗ್ಗೆ 2017ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ರಕ್ತದ ಗ್ಲುಕೋಸ್ ಒಂದೇ ಮಟ್ಟದಲ್ಲಿದ್ದರೂ ವಾಹಕರ ಎಚ್‌ಬಿಎ1ಸಿ ಸುಮಾರು 0.3ರಷ್ಟು ಕಡಿಮೆ ಬರುತ್ತಿತ್ತು. ಕೇಳಲು ಸಣ್ಣದು. ಆದರೆ 6.5ರ ಗೆರೆಯ ಪಕ್ಕದಲ್ಲಿ ನಿಂತವರಿಗೆ 0.3 ಎಂದರೆ ಕಾಯಿಲೆ ಇದೆ, ಇಲ್ಲ ಎಂಬಷ್ಟು ವ್ಯತ್ಯಾಸ.

ಇಲ್ಲೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಎಚ್‌ಪಿಎಲ್‌ಸಿ ಎಂಬ ವಿಧಾನದ ಯಂತ್ರದಲ್ಲಿ ಎಚ್‌ಬಿಎ1ಸಿ ಮಾಡಿದಾಗ ಹಿಮೋಗ್ಲೋಬಿನ್ನಿನ ಒಂದೊಂದು ಬಗೆಯೂ ಗ್ರಾಫಿನಲ್ಲಿ ಒಂದೊಂದು ಗುಡ್ಡೆಯಾಗಿ ಏಳುತ್ತದೆ. ಸಿಕಲ್ ಗುಣವಿದ್ದರೆ ಇರಬಾರದ ಜಾಗದಲ್ಲಿ ಇನ್ನೊಂದು ಗುಡ್ಡೆ ಎದ್ದು ಕಾಣುತ್ತದೆ. ಮೈಸೂರಿನ ಲ್ಯಾಬಿನಲ್ಲಿ ಕೂತವರು ಕಣ್ಣುಹಾಯಿಸಿದರೆ ಸಾಕು. ಆದರೆ ತಾಲ್ಲೂಕಿಗೆ ಮರಳಿ ಬರುವ ಚೀಟಿಯಲ್ಲಿ ಗ್ರಾಫ್ ಇರಲೇಬೇಕೆಂದೇನಿಲ್ಲ. 6.3 ಎಂಬ ನಂಬರು, ಪಕ್ಕದಲ್ಲಿ ಅಚ್ಚಾದ ಮಾಮೂಲಿ ಕೋಷ್ಟಕ, ಅಷ್ಟೇ. ಬೇರೆ ವಿಧಾನದ ಯಂತ್ರವಾದರೆ ಆ ಗುಡ್ಡೆಯೂ ಕಾಣುವುದಿಲ್ಲ. ರೋಗಿ ಯಾವ ಊರಿನವರು, ಯಾವ ಹಾಡಿಯವರು ಎಂಬುದು ಲ್ಯಾಬಿಗೆ ಗೊತ್ತಿಲ್ಲ. ಯಂತ್ರ ಯಾವುದೆಂಬುದು ವೈದ್ಯರಿಗೆ ಗೊತ್ತಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಬಿಎ1ಸಿಯನ್ನು ರೋಗನಿರ್ಣಯಕ್ಕೆ ಬಳಸಬಹುದೆಂದು ಒಪ್ಪಿದಾಗಲೇ ಎರಡು ಷರತ್ತು ಹಾಕಿತ್ತು: ಗುಣಮಟ್ಟದ ಕಟ್ಟುನಿಟ್ಟಾದ ತಪಾಸಣೆ ಇರಬೇಕು, ಅಳತೆ ಕೆಡಿಸುವ ಬೇರೆ ಸ್ಥಿತಿ ರೋಗಿಯಲ್ಲಿ ಇರಬಾರದು. 6.5ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಧುಮೇಹ ಇಲ್ಲವೆಂದು ಹೇಳಲಾಗದು ಎಂದೂ ಸೇರಿಸಿತ್ತು. ಟೆಸ್ಟು ನಮ್ಮ ತಾಲ್ಲೂಕಿಗೆ ಬಂತು. ಷರತ್ತುಗಳು ದಾರಿಯಲ್ಲಿ ಎಲ್ಲೋ ಇಳಿದುಕೊಂಡವು.

ಹಾಡಿಯವರು ಎಷ್ಟು ಜನ, ಅವರಲ್ಲಿ ಸಿಕಲ್ ಇರುವವರು ಎಷ್ಟು ಜನ, ಅಷ್ಟಕ್ಕಾಗಿ ಎಲ್ಲರ ಟೆಸ್ಟನ್ನೂ ತೊಡಕು ಮಾಡಬೇಕೆ ಎಂದು ಕೇಳಬಹುದು. ಸಿಕಲ್ ಇರುವವರು ಕಡಿಮೆ ಇರಬಹುದು. ರಕ್ತ ಕಡಿಮೆ ಇರುವವರು ಕಡಿಮೆಯಿಲ್ಲ, ಕೆ.ಆರ್. ನಗರದ ಭತ್ತದ ಬಯಲಿನಲ್ಲೂ ಇದ್ದಾರೆ, ಬೈಲುಕುಪ್ಪೆಯ ಟಿಬೆಟನ್ ನೆಲೆಯ ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ಎಚ್‌ಬಿಎ1ಸಿ ಜತೆಗೆ ಹಿಮೋಗ್ಲೋಬಿನ್ ಒಂದನ್ನು ನೋಡುವುದು ತೊಡಕೂ ಅಲ್ಲ, ದುಬಾರಿಯೂ ಅಲ್ಲ. ಯಾವ ಪಿಎಚ್‌ಸಿಯಲ್ಲಾದರೂ ಆಗುವ ಕೆಲಸ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಏನೂ ಇಲ್ಲದ ಕಡೆ ಒರಟು ಟೆಸ್ಟಾದರೂ ಇರಲಿ, ಪರಿಪೂರ್ಣವಾದದ್ದಕ್ಕೆ ಕಾಯುತ್ತ ಕೂತರೆ ರೋಗಿ ಉಳಿಯುವುದಿಲ್ಲ. ಒಪ್ಪುತ್ತೇನೆ, ಅರ್ಧಕ್ಕೆ. ಗಾಯ ಮಾಗದೆ, ಸೊರಗಿ, ರಾತ್ರಿ ನಾಲ್ಕು ಸಲ ಎದ್ದು ಹೋಗುವವನಿಗೆ ಗ್ಲುಕೋಮೀಟರಿನಲ್ಲಿ 380 ಬಂದರೆ ಅಲ್ಲೇ ಚಿಕಿತ್ಸೆ ಶುರುವಾಗಲಿ. ಆ ನಂಬರು ಶೇ 15 ಆಚೀಚೆಯಾದರೂ ಕಾಯಿಲೆ ಕಾಯಿಲೆಯೇ. ಕಷ್ಟ ಇರುವುದು ಅಂಚಿನ ನಂಬರುಗಳಲ್ಲಿ. ಅಲ್ಲಿ ತಪ್ಪಿದರೆ, ಕಾಯಿಲೆ ಇಲ್ಲದವರು ಬದುಕಿಡೀ ಮಾತ್ರೆ ನುಂಗುತ್ತಾರೆ, ಇರುವವರು ಕಣ್ಣು ಮಂಜಾಗುವವರೆಗೆ ನೆಮ್ಮದಿಯಾಗಿರುತ್ತಾರೆ. ಕ್ಯಾಂಪುಗಳು ಹೆಚ್ಚಿದಷ್ಟೂ ಅಂಚಿನವರ ಸಂಖ್ಯೆಯೇ ಹೆಚ್ಚುವುದರಿಂದ ಒರಟು ಟೆಸ್ಟಿನ ಬೆಲೆಯೂ ಏರುತ್ತ ಹೋಗುತ್ತದೆ.

ಜಾಗ್ರತೆಯಿಂದ ಸಕ್ಕರೆ ಅಳೆಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ ಎಂಬುದನ್ನೂ ಹೇಳಬೇಕು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯನ್ನು, ವಿಜ್ಞಾನ ಲೋಕ ಬಲ್ಲದ್ದು ಅಲ್ಲಿ 1934ರಿಂದ ಜತನವಾಗಿ ಉಳಿದ ಹೆರಿಗೆ ದಾಖಲೆಗಳಿಂದ. ಆ ದಾಖಲೆಗಳಲ್ಲಿದ್ದ ಕೂಸುಗಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ, ಗ್ಲುಕೋಸ್ ಕುಡಿಸಿ ರಕ್ತ ಪರೀಕ್ಷಿಸಿ, ಹುಟ್ಟಿನ ಅಳತೆಗೂ ತಾಯಿಯ ತೂಕಕ್ಕೂ ಮಧುಮೇಹಕ್ಕೂ ಇರುವ ನಂಟನ್ನು ಕೆರೊಲಿನ್ ಫಾಲ್ ಮತ್ತವರ ಜತೆಗಾರರು 1998ರಲ್ಲಿ ಪ್ರಕಟಿಸಿದರು. ಅದರ ಬೆನ್ನಿಗೇ ಅಲ್ಲಿಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಮೈಯ ಕೊಬ್ಬೂ ಇನ್ಸುಲಿನ್ನೂ ಉಳಿದ ಮಕ್ಕಳಿಗಿಂತ ಹೆಚ್ಚಿದ್ದವು. ಇಂದು ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಇನ್ನೊಮ್ಮೆ 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆಗೆ ರಕ್ತ ನೋಡಬೇಕೆಂಬ ರಾಷ್ಟ್ರೀಯ ನಿಯಮವಿದೆ. 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹ. ಉಂಡು ಬಂದರೂ ಆದೀತು, ಹಸಿದು ಬಂದರೂ ಆದೀತು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಗರ್ಭಿಣಿಯರಲ್ಲಿ ರಕ್ತಕಣಗಳು ಬೇಗ ಬದಲಾಗುವುದರಿಂದ ಎಚ್‌ಬಿಎ1ಸಿ ಇಲ್ಲಿ ನಂಬಿಕೆಗೆ ಬಾರದು. ನಮ್ಮ ಜನರ ಬಸ್ಸು, ಹಸಿವು, ದೂರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಟೆಸ್ಟನ್ನು ರೂಪಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗರ್ಭಿಣಿಗೆ ತೋರಿದ ಈ ವಿವೇಕವನ್ನು ಆಕೆಯ ಅತ್ತೆಗೂ ಮಾವನಿಗೂ ಯಾಕೆ ತೋರಬಾರದು?

ಹಾಗಾದರೆ ಆಗಬೇಕಾದದ್ದೇನು? ಗ್ಲುಕೋಸ್, ಹಿಮೋಗ್ಲೋಬಿನ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಇಷ್ಟನ್ನು ತಾಲ್ಲೂಕಿನೊಳಗೇ ನೆಚ್ಚಿಕೊಳ್ಳುವಂತೆ ಮಾಡುವುದು. ಇದಕ್ಕೆ ಕೋಟಿಯ ಯಂತ್ರ ಬೇಡ. ದಿನಾ ಬೆಳಿಗ್ಗೆ ರೋಗಿಗಳ ರಕ್ತಕ್ಕೆ ಮುಂಚೆ ಉತ್ತರ ಗೊತ್ತಿರುವ ಕಂಟ್ರೋಲ್ ದ್ರವವನ್ನು ಹಾಕಿ ಯಂತ್ರ ಸರಿಯಿದೆಯೇ ಎಂದು ನೋಡುವ ಶಿಸ್ತು ಬೇಕು. ಉತ್ತರ ಗೊತ್ತಿಲ್ಲದ ಸ್ಯಾಂಪಲನ್ನು ಹೊರಗಿನಿಂದ ತರಿಸಿ ಪರೀಕ್ಷಿಸಿ, ಬಂದ ನಂಬರನ್ನು ಬೇರೆ ಲ್ಯಾಬುಗಳ ಜತೆ ಹೋಲಿಸಿಕೊಳ್ಳುವ ವ್ಯವಸ್ಥೆಯನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಲ್ಯಾಬುಗಳಿಗಾಗಿ ನಡೆಸುತ್ತ ಬಂದಿದೆ. ತಾಲ್ಲೂಕು ಆಸ್ಪತ್ರೆಗಳೂ ಅಲ್ಲಿನ ಖಾಸಗಿ ಲ್ಯಾಬುಗಳೂ ಅದಕ್ಕೆ ಸೇರಲಿ. ಕಾಡಂಚಿನಲ್ಲಿ ಒಳ್ಳೆಯ ಲ್ಯಾಬು ನಡೆಸಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆಗಳನ್ನೇ ನಡೆಸಿ ತೋರಿಸಿದೆ.

ಚೀಟಿಯ ರೂಪವೂ ಬದಲಾಗಬೇಕು. ರಕ್ತ ತೆಗೆದ ಹೊತ್ತು, ಯಂತ್ರಕ್ಕೆ ಹಾಕಿದ ಹೊತ್ತು ಎರಡೂ ಅದರಲ್ಲಿ ಅಚ್ಚಾಗಲಿ. ನಡುವೆ ನಾಲ್ಕು ಗಂಟೆ ಕಂಡರೆ ಓದುವ ವೈದ್ಯರು ಹುಬ್ಬೇರಿಸಲಿ. ಎಚ್‌ಬಿಎ1ಸಿ ಪಕ್ಕದಲ್ಲಿ ಹಿಮೋಗ್ಲೋಬಿನ್ ಎಷ್ಟು, ಯಾವ ವಿಧಾನದಿಂದ ಮಾಡಿದ್ದು, ಗ್ರಾಫಿನಲ್ಲಿ ಬೇರೆ ಗುಡ್ಡೆ ಕಂಡಿತೇ ಎಂಬ ಸಾಲು ಕಡ್ಡಾಯವಾಗಲಿ. ಗೆರೆಯ ಆಸುಪಾಸಿನಲ್ಲಿ ನಿಂತ ನಂಬರನ್ನು ಗ್ಲುಕೋಸ್ ಪರೀಕ್ಷೆಯ ಜತೆ ತಾಳೆ ನೋಡದೆ ಮಾತ್ರೆ ಬರೆಯದಿರುವುದು ರೂಢಿಗೆ ಬರಲಿ. ಎರಡೂ ತಾಳೆಯಾಗದಿದ್ದರೆ ಈ ತಾಲ್ಲೂಕುಗಳಲ್ಲಿ ಗ್ಲುಕೋಸನ್ನೇ ನಂಬಬೇಕು ಎಂಬುದು ನನ್ನ ಪಕ್ಷ.

ಮತ್ತೊಂದು ಕೆಲಸವಂತೂ ಹೆಚ್ಚು ಖರ್ಚಿಲ್ಲದೆ ಆಗುವಂಥದ್ದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಿ ಕಾರ್ಡು ಕೊಡುವ ಗುರಿ ಅದರದು. ಇತ್ತ ಸಕ್ಕರೆಯ ತಪಾಸಣೆ ಶುರುವಾಗುವುದು 30ಕ್ಕೆ. ಒಂದೇ ಹಾಡಿಗೆ ಒಂದೇ ಆಶಾ ಕಾರ್ಯಕರ್ತೆ ಎರಡು ಬೇರೆ ರಿಜಿಸ್ಟರ್ ಹಿಡಿದು ಹೋಗುತ್ತಾರೆ; ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. 35ರ ಹೆಣ್ಣುಮಗಳ ಸಿಕಲ್ ಕಾರ್ಡಿನಲ್ಲಿ ವಾಹಕಿ ಎಂದು ಬರೆದಿದ್ದರೆ ಅದನ್ನು ಆಕೆಯ ಶುಗರ್ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಳ್ಳಲು ಹೊಸ ಯೋಜನೆಯೇನೂ ಬೇಡ, ಒಂದು ಸುತ್ತೋಲೆ ಸಾಕು. 40 ದಾಟಿದ ಆಕೆಯ ಅಪ್ಪನಿಗೆ, ಮಧುಮೇಹ ಹೆಚ್ಚಾಗಿ ಬರುವ ವಯಸ್ಸಿನವನಿಗೆ, ಸಿಕಲ್ ಅಭಿಯಾನದಲ್ಲಿ ಜಾಗವೇ ಇಲ್ಲ. ಅವನ ಎಚ್‌ಬಿಎ1ಸಿ 6.3 ಬಂದಾಗ ಅದನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ಮಗಳ ಕಾರ್ಡನ್ನಾದರೂ ಕೇಳಿ ನೋಡಬೇಕು. ಅದೂ ಇಲ್ಲದಿದ್ದರೆ ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ, ಟೀಯನ್ನೂ ಕುಡಿಯದೆ ಬರಲು ಹೇಳಿ, ಅಲ್ಲೇ ರಕ್ತ ತೆಗೆದು ಅಲ್ಲೇ ತಿರುಗಿಸುವ ಸೆಂಟ್ರಿಫ್ಯೂಜೊಂದು ಅವನ ಬಸ್ಸಿನ ದಾರಿಯಲ್ಲಿರಬೇಕು.